ಯೋಗ ಶಿಬಿರದ ಚೀಲದಲ್ಲಿ ಮಾತ್ರೆಯ ಡಬ್ಬಿಯೂ ಇರಲಿ

ಜೂನ್ ತಿಂಗಳು ಹತ್ತಿರವಾದಂತೆ ನಮ್ಮ ದಾವಣಗೆರೆ, ಹರಿಹರಗಳಲ್ಲಿ ಯೋಗದ ಗಾಳಿ ಬೀಸತೊಡಗುತ್ತದೆ. ಶಾಲೆಯ ಮೈದಾನ, ಸಮುದಾಯ ಭವನ, ಬಡಾವಣೆಯ ಪಾರ್ಕು, ಎಲ್ಲಿ ನೋಡಿದರೂ ಚಾಪೆಗಳ ಸಾಲು. ವಿನೋಬನಗರದಲ್ಲಿ ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದು ಬೀದಿ ನೋಡಿದರೆ, ಜಮಖಾನೆ ಸುತ್ತಿ ಕಂಕುಳಲ್ಲಿಟ್ಟುಕೊಂಡ ಗೃಹಿಣಿಯರು, ಟೋಪಿ ಹಾಕಿಕೊಂಡ ನಿವೃತ್ತ ನೌಕರರು ಜೊತೆ ಜೊತೆಯಾಗಿ ಹೊರಟಿರುತ್ತಾರೆ. ರಜೆ ಬಂದಾಗ ಐದು ದಿನ, ಹತ್ತು ದಿನದ ಶಿಬಿರಕ್ಕೆಂದು ಊರು ಬಿಟ್ಟು ಹೊರಡುವ ಕುಟುಂಬಗಳೂ ಉಂಟು. ಕೆಲವರು ಬೆಂಗಳೂರಿನ ಬಳಿಯ ಜಿಗಣಿಯ ಪ್ರಶಾಂತಿ ಕುಟೀರಕ್ಕೆ ಹೋಗುತ್ತಾರೆ, ಕೆಲವರು ಧರ್ಮಸ್ಥಳದ ಶಾಂತಿವನಕ್ಕೆ, ಇನ್ನು ಕೆಲವರು ಮೈಸೂರಿಗೆ ಅಥವಾ ಗೋಕರ್ಣದ ಕಡಲ ತೀರಕ್ಕೆ.

ವೈದ್ಯನಾದ ನನಗೆ ಇದು ಸಂತೋಷದ ವಿಷಯ. ಇಪ್ಪತ್ತು ವರ್ಷಗಳಿಂದ ಔಷಧಿ ಚೀಟಿಯ ಕೊನೆಯಲ್ಲಿ 'ದಿನವೂ ವ್ಯಾಯಾಮ' ಎಂದು ಬರೆಯುತ್ತಾ ಬಂದಿದ್ದೇನೆ. ಮಾತ್ರೆ ಕೊಳ್ಳುವವರು ಎಲ್ಲರೂ, ಆ ಕೊನೆಯ ಸಾಲನ್ನು ಓದುವವರು ಕೆಲವರು, ಪಾಲಿಸುವವರು ಇನ್ನೂ ಕೆಲವರು. ವೈದ್ಯರ ಚೀಟಿಯಿಂದ ಆಗದ ಈ ಕೆಲಸ ನೆರೆಮನೆಯ ಗೆಳತಿ ಗೇಟಿನ ಹತ್ತಿರ ನಿಂತು ಕೂಗುವ ಒಂದು ಕೂಗಿನಿಂದ ಆಗುತ್ತಿದ್ದರೆ ಬೇಡ ಎನ್ನುವವರು ಯಾರು?

ಆದರೆ ಪ್ರತಿವರ್ಷ ಇದೇ ದಿನಗಳಲ್ಲಿ ನನ್ನ ಬಳಿಗೆ ಇನ್ನೊಂದು ಬಗೆಯ ರೋಗಿಗಳೂ ಬರುತ್ತಾರೆ. ಸೊಂಟ ಹಿಡಿದವರು, ಮಂಡಿ ಊದಿಸಿಕೊಂಡವರು, ಎಲ್ಲಕ್ಕಿಂತ ಮುಖ್ಯವಾಗಿ, ಶಿಬಿರದಲ್ಲಿ ಮಾತ್ರೆ ನಿಲ್ಲಿಸಿ ಬಂದವರು. ಅದಕ್ಕಾಗಿ ಈ ವಾರ ನಿಮಗೆ ಹೇಳಬೇಕಾದ ಮಾತು ಎರಡೇ. ಗುಂಪಿನೊಡನೆ ಯೋಗ ಮಾಡಿ, ಗುಂಪಿನಂತೆ ಮಾಡಬೇಡಿ. ಶಿಬಿರಕ್ಕೆ ಖುಷಿಯಾಗಿ ಹೋಗಿ, ಮಾತ್ರೆಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಕೂಡಿ ಮಾಡುವುದರ ಲಾಭ

ಮನೆಯ ಮೂಲೆಯಲ್ಲಿ ಒಬ್ಬರೇ ಆಸನ ಹಾಕುವವರ ಉತ್ಸಾಹ ಸಾಮಾನ್ಯವಾಗಿ ಹದಿನೈದು ದಿನಕ್ಕೆ ಇಳಿಯುತ್ತದೆ. ಮೊದಲು ಮಳೆ ಅಡ್ಡ ಬರುತ್ತದೆ, ಆಮೇಲೆ ನೆಂಟರು, ಆಮೇಲೆ ನಿದ್ದೆ. ಗುಂಪಿನಲ್ಲಿ ಹಾಗಲ್ಲ. ಹೋಗದಿದ್ದರೆ "ನಿನ್ನೆ ಯಾಕೆ ಬರಲಿಲ್ಲ?" ಎಂದು ಕೇಳುವವರಿರುತ್ತಾರೆ. ಆ ಒಂದು ಪ್ರಶ್ನೆ ಅಲಾರಂ ಗಡಿಯಾರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋಗಿ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದಿರುವ ಹಿರಿಯರಿಗಂತೂ ಬೆಳಗಿನ ಆ ಒಂದು ಗಂಟೆಯ ಮಾತು, ನಗು, ಆಮೇಲಿನ ಕಾಫಿ, ಇವೂ ಔಷಧಿಯೇ.

ಯೋಗದಿಂದ ದೇಹಕ್ಕೆ ಆಗುವ ಲಾಭದ ಬಗೆಗೂ ಈಗ ಸಾಕಷ್ಟು ಅಧ್ಯಯನ ನಡೆದಿದೆ. ಬಹುಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳ ಪಟ್ಟಿಯಲ್ಲಿ ಅಮೆರಿಕದ ವೈದ್ಯರ ಸಂಘಟನೆಯೊಂದು 2017ರಲ್ಲಿ ಯೋಗವನ್ನೂ ಸೇರಿಸಿತು. ಕ್ರಮವಾಗಿ ಮಾಡಿದವರಲ್ಲಿ ರಕ್ತದೊತ್ತಡ ಕೆಲವು ಅಂಕಗಳಷ್ಟು ಇಳಿಯುತ್ತದೆ, ನಿದ್ದೆ ಸುಧಾರಿಸುತ್ತದೆ, ವಯಸ್ಸಾದವರಲ್ಲಿ ಸಮತೋಲನ ಹೆಚ್ಚುತ್ತದೆ. ಸಮತೋಲನ ಹೆಚ್ಚಿದರೆ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವ ಅಪಾಯವೂ ಕಡಿಮೆಯಾಗುತ್ತದೆ.

ವಿಶ್ವಸಂಸ್ಥೆ ಜೂನ್ 21ನ್ನು ಯೋಗ ದಿನವೆಂದು ಘೋಷಿಸಿದ್ದು 2014ರ ಡಿಸೆಂಬರ್‌ನಲ್ಲಿ. 2015ರ ಮೊದಲ ಆಚರಣೆಯಂದು ದೆಹಲಿಯ ರಾಜಪಥದಲ್ಲಿ 35,985 ಜನ ಒಟ್ಟಿಗೆ ಆಸನ ಹಾಕಿ ಗಿನ್ನೆಸ್ ದಾಖಲೆ ಮಾಡಿದರು. 2022ರಲ್ಲಿ ಮುಖ್ಯ ಸಮಾರಂಭ ನಮ್ಮ ಮೈಸೂರು ಅರಮನೆಯ ಆವರಣದಲ್ಲೇ, ಪ್ರಧಾನಿಯವರ ಸಮ್ಮುಖದಲ್ಲಿ ನಡೆಯಿತು. ಹಾಗೆಂದು ಕೂಡಿ ಯೋಗ ಮಾಡುವುದು ನಮ್ಮ ಭಾಗಕ್ಕೆ ಹೊಸದಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ, 'ತಿರುಕ' ಎಂಬ ಹೆಸರಿನಲ್ಲಿ ಬರೆದವರು, ಊರೂರಿನಲ್ಲಿ ಶಿಬಿರ ನಡೆಸಿ ಸಾಮಾನ್ಯ ಜನರಿಗೆ ಆಸನ ಕಲಿಸಿದರು. 1996ರಲ್ಲಿ ಅವರು ತೀರಿಕೊಂಡರು. ನಮ್ಮ ಜಿಲ್ಲೆಗಳ ಹಿರಿಯರಲ್ಲಿ ಅವರಿಂದ ಸೂರ್ಯನಮಸ್ಕಾರ ಕಲಿತೆವೆಂದು ಹೇಳುವವರು ಇಂದಿಗೂ ಇದ್ದಾರೆ. ಅವರು ಯೋಗ ಶಿಕ್ಷಕರಷ್ಟೇ ಅಲ್ಲ, ಆಯುರ್ವೇದ ಚಿಕಿತ್ಸಕರೂ ಆಗಿದ್ದರು ಎಂಬುದನ್ನು ನೆನಪಿಡಿ. ಆಸನ ಕಲಿಸಿದ ಕೈಯೇ ಔಷಧಿಯನ್ನೂ ಕೊಡುತ್ತಿತ್ತು. ಯೋಗಕ್ಕೂ ಔಷಧಿಗೂ ಹಗೆತನವಿದೆ ಎಂಬ ಮಾತಿಗೆ ನಮ್ಮ ನೆಲದಲ್ಲಿ ಆಧಾರವಿಲ್ಲ.

ಮೈಕು ಒಂದೇ, ದೇಹ ನೂರಾರು

ಗುಂಪಿನಲ್ಲಿ ಒಂದು ತೊಂದರೆಯಿದೆ. ವೇದಿಕೆಯ ಮೇಲೆ ಇಪ್ಪತ್ತೈದರ ತರುಣ ಮುಂದಕ್ಕೆ ಬಾಗಿ ಹಣೆಯನ್ನು ಮಂಡಿಗೆ ಮುಟ್ಟಿಸುತ್ತಾನೆ. ಮೈಕಿನಲ್ಲಿ "ಹಾಗೇ ಇರಿ, ಎಂಟು, ಒಂಬತ್ತು, ಹತ್ತು" ಎಂದು ಎಣಿಕೆ ಕೇಳುತ್ತದೆ. ಕೆಳಗೆ ಕುಳಿತವರಲ್ಲಿ ಒಬ್ಬರಿಗೆ ಸ್ಲಿಪ್ ಡಿಸ್ಕ್, ಒಬ್ಬರಿಗೆ ಮೂಳೆ ಸವೆತ, ಇನ್ನೊಬ್ಬರಿಗೆ ಆರು ತಿಂಗಳ ಹಿಂದೆ ಹರ್ನಿಯಾ ಶಸ್ತ್ರಚಿಕಿತ್ಸೆ ಆಗಿದೆ. ಪಕ್ಕದ ಚಾಪೆಯವರು ಬಗ್ಗಿದರು, ನಾವು ಬಗ್ಗದಿದ್ದರೆ ಹೇಗೆ? ಈ ಸಂಕೋಚವೇ ಸೊಂಟ ಹಿಡಿಸುತ್ತದೆ.

ಮೈಸೂರಿನ ಯೋಗ ಪರಂಪರೆ ನಮಗೆ ಕಲಿಸುವುದು ಬೇರೆಯೇ. ಆಧುನಿಕ ಯೋಗದ ಪಿತಾಮಹರೆಂದು ಕರೆಯುವ ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಮ್ಮ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದ ಅವರು 1934ರಲ್ಲಿ 'ಯೋಗ ಮಕರಂದ'ವನ್ನು ಕನ್ನಡದಲ್ಲಿಯೇ ಬರೆದರು. ಕಲಿಯುವವನ ವಯಸ್ಸು, ಶಕ್ತಿ, ಆರೋಗ್ಯ ನೋಡಿ ಅವನಿಗೆ ತಕ್ಕುದನ್ನು ಕಲಿಸಬೇಕು ಎಂಬುದು ಅವರ ನಿಲುವು.

ಅವರ ಶಿಷ್ಯ ಪಟ್ಟಾಭಿ ಜೋಯಿಸರ ಪಾಠಕ್ರಮವನ್ನು ಹೊರದೇಶದವರು 'ಮೈಸೂರು ಸ್ಟೈಲ್' ಎಂದೇ ಕರೆಯುತ್ತಾರೆ. ಅದರ ವಿಶೇಷವೇನು ಗೊತ್ತೇ? ಒಂದೇ ಕೋಣೆಯಲ್ಲಿ ಹತ್ತಾರು ಜನರಿರುತ್ತಾರೆ, ಆದರೆ ಪ್ರತಿಯೊಬ್ಬರೂ ತಮ್ಮ ಉಸಿರಿನ ಲೆಕ್ಕಕ್ಕೆ, ತಾವು ಕಲಿತಷ್ಟನ್ನೇ ಮಾಡುತ್ತಾರೆ. ಗುರು ಒಬ್ಬೊಬ್ಬರ ಬಳಿ ಬಂದು ತಿದ್ದುತ್ತಾರೆ. ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯವನ್ನೆಲ್ಲ ಕಾಯಿಲೆಯಲ್ಲಿ ಕಳೆದವರು. ಬಗ್ಗಲಾಗದವರಿಗೆ ಮರದ ಇಟ್ಟಿಗೆ, ಹಗ್ಗ, ಪಟ್ಟಿ, ಕುರ್ಚಿಗಳನ್ನು ಆಸರೆಯಾಗಿ ಕೊಟ್ಟು ಆಸನ ಮಾಡಿಸಿದರು. ಅಂಥ ಮಹಾನುಭಾವರೇ ಕುರ್ಚಿಯ ಸಹಾಯ ಪಡೆಯಿರಿ ಎಂದಿರುವಾಗ ನಮಗೆ ನಿಮಗೆ ಯಾವ ನಾಚಿಕೆ?

ಯಾರು ಯಾವುದನ್ನು ಬಿಡಬೇಕು

ಸರ್ಕಾರ ಸಿದ್ಧಪಡಿಸಿರುವ ಯೋಗ ದಿನದ ಸಾಮಾನ್ಯ ಕ್ರಮ ಸುಮಾರು ಮುಕ್ಕಾಲು ಗಂಟೆಯದು. ತಾಡಾಸನ, ವೃಕ್ಷಾಸನ, ಭುಜಂಗಾಸನ, ಶವಾಸನ, ಕಪಾಲಭಾತಿ, ಭ್ರಾಮರಿ ಮುಂತಾದವು ಅದರಲ್ಲಿವೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯೇನೂ ಇಲ್ಲ. ಉಳಿದವರು ಈ ಕೆಳಗಿನ ಮಾತುಗಳನ್ನು ಗಮನಿಸಬೇಕು.

ಹತೋಟಿಗೆ ಬಾರದ ರಕ್ತದೊತ್ತಡ, ಹೃದಯದ ಕಾಯಿಲೆ, ಮೂರ್ಛೆರೋಗ, ಹರ್ನಿಯಾ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟವನ್ನು ಬಿಡಬೇಕು. ಅಷ್ಟು ಹೊತ್ತು ಸುಮ್ಮನೆ ನಿಧಾನವಾಗಿ ಉಸಿರಾಡುತ್ತಾ ಕುಳಿತರೆ ಸಾಕು.

ಕಣ್ಣಿನ ಒಳಒತ್ತಡದ ಕಾಯಿಲೆ, ಎಂದರೆ ಗ್ಲಾಕೋಮಾ ಇರುವವರು ಶೀರ್ಷಾಸನದಂಥ ತಲೆಕೆಳಗಾಗುವ ಆಸನಗಳ ಗೊಡವೆಗೆ ಹೋಗಬಾರದು. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪದರ ಹಾಳಾಗಿದೆ ಎಂದು ಕಣ್ಣಿನ ವೈದ್ಯರು ಹೇಳಿದ್ದರೆ ಅವರಿಗೂ ಇದೇ ಮಾತು.

ಮೂಳೆ ಸವೆತ ಇರುವ ಹಿರಿಯರು, ವಿಶೇಷವಾಗಿ ಮುಟ್ಟು ನಿಂತ ಹೆಂಗಸರು, ಸೊಂಟದಿಂದ ಪೂರ್ತಿ ಮುಂದಕ್ಕೆ ಬಾಗುವ ಆಸನಗಳನ್ನು ಮಾಡಬಾರದು. ದುರ್ಬಲವಾದ ಬೆನ್ನುಮೂಳೆ ಒಳಗೇ ಕುಸಿಯಬಹುದು. ಮಂಡಿನೋವಿನವರು ವಜ್ರಾಸನದಲ್ಲಿ ಹಲ್ಲು ಕಚ್ಚಿ ಕುಳಿತುಕೊಳ್ಳುವ ಬದಲು ಕುರ್ಚಿಯಲ್ಲಿ ಕುಳಿತುಕೊಳ್ಳಲಿ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಶವಾಸನದಿಂದ ದಡಕ್ಕನೆ ಏಳಬಾರದು. ಮೊದಲು ಮಗ್ಗುಲಾಗಿ, ಆಮೇಲೆ ಎದ್ದು ಕುಳಿತು, ಒಂದು ನಿಮಿಷ ಬಿಟ್ಟು ನಿಲ್ಲಬೇಕು. ಇಲ್ಲವಾದರೆ ಕಣ್ಣು ಕತ್ತಲೆ ಬಂದು ಬೀಳುವ ಸಂಭವವುಂಟು.

ಎಲ್ಲಕ್ಕೂ ಒಂದೇ ಅಳತೆಗೋಲು ಬೇಕೆಂದರೆ ಇದು: ಆಸನದಲ್ಲಿದ್ದಾಗ ಸಲೀಸಾಗಿ ಉಸಿರಾಡಲು ಆಗುತ್ತಿದೆಯೇ? ಉಸಿರು ಕಟ್ಟಿದರೆ, ಮುಖ ಕಿವುಚಿದರೆ, ಅಲ್ಲಿಗೆ ನಿಮ್ಮ ಮಿತಿ ಮುಗಿಯಿತು. ಹಿಂದಕ್ಕೆ ಬನ್ನಿ. ಎದೆ ಹಿಡಿದಂತಾಗುವುದು, ಎಡಗೈಗೆ ಅಥವಾ ದವಡೆಗೆ ನೋವು ಹರಿಯುವುದು, ತಣ್ಣನೆಯ ಬೆವರು ಕಂಡರೆ ಅದನ್ನು ವಾಯು ಎಂದು ತಳ್ಳಿಹಾಕದೆ ತಕ್ಷಣ 108ಕ್ಕೆ ಕರೆ ಮಾಡಬೇಕು.

ಬೆಳಗಿನ ಸಮಾರಂಭಕ್ಕೆ ಹೋಗುವಾಗ

ಯೋಗಕ್ಕೆ ಹೊಟ್ಟೆ ಹಗುರವಾಗಿರಬೇಕು, ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು ಎಂಬುದು ಸರಿಯಾದ ಮಾತು. ಆದರೆ ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಂಡು, ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ, ಏನೂ ತಿನ್ನದೆ ಆರು ಗಂಟೆಯ ಸಮಾರಂಭಕ್ಕೆ ಹೋಗುವುದು ಅಪಾಯ. ಸಮಾರಂಭ ಆರಕ್ಕೆಂದರೂ ಭಾಷಣ ಮುಗಿದು ಆಸನ ಶುರುವಾಗುವ ಹೊತ್ತಿಗೆ ಏಳಾಗುತ್ತದೆ, ಮನೆ ಸೇರುವಾಗ ಒಂಬತ್ತು. ಇಂಥವರು ಬೆಳಗಿನ ಇನ್ಸುಲಿನ್ ಅನ್ನೂ ಮಾತ್ರೆಯನ್ನೂ ಮನೆಗೆ ಬಂದು ತಿಂಡಿಯ ಜೊತೆಗೇ ತೆಗೆದುಕೊಳ್ಳುವುದು ಮೇಲು. ದಿನಕ್ಕೊಮ್ಮೆಯ ದೀರ್ಘಕಾಲದ ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಮೊದಲೇ ಕೇಳಿಕೊಳ್ಳಲಿ. ರಕ್ತದೊತ್ತಡದ ಮತ್ತು ಥೈರಾಯ್ಡ್ ಮಾತ್ರೆಗಳನ್ನು ಎಂದಿನಂತೆ ಒಂದು ಲೋಟ ನೀರಿನೊಡನೆ ನುಂಗಿ ಹೋಗಬಹುದು.

ನಡುಕ, ಬೆವರು, ವಿಪರೀತ ಹಸಿವು, ಮಾತಿನ ಗೊಂದಲ ಕಂಡರೆ ರಕ್ತದ ಸಕ್ಕರೆ ಇಳಿದಿದೆಯೆಂದೇ ತಿಳಿಯಬೇಕು. ಅಳತೆ 70ಕ್ಕಿಂತ ಕೆಳಗಿದ್ದರೆ ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದ ನಂತರ ಮತ್ತೆ ನೋಡಬೇಕು, ಏರಿರದಿದ್ದರೆ ಮತ್ತೆ ಅಷ್ಟೇ. ಅಳೆಯುವ ಯಂತ್ರ ಕೈಯಲ್ಲಿಲ್ಲದಿದ್ದರೆ ಕಾಯುತ್ತಾ ಕೂರಬೇಡಿ, ಸಕ್ಕರೆ ತಿನ್ನಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಯೋಗ ಮುಗಿಸಿ ಸಾಲಾಗಿ ಬೆಣ್ಣೆ ದೋಸೆ ಹೋಟೆಲಿಗೆ ನುಗ್ಗುವ ನಮ್ಮ ಊರಿನ ಸಂಪ್ರದಾಯದ ಬಗ್ಗೆ ಒಂದು ಮಾತು. ಮುಕ್ಕಾಲು ಗಂಟೆಯ ಸೌಮ್ಯ ಯೋಗಕ್ಕೆ ಖರ್ಚಾಗುವುದು ಸುಮಾರು 100ರಿಂದ 150 ಕ್ಯಾಲೊರಿ. ಒಂದು ಬೆಣ್ಣೆ ದೋಸೆಗೇ ಆ ಲೆಕ್ಕ ತಲೆಕೆಳಗಾಗುತ್ತದೆ. ವರ್ಷಕ್ಕೊಂದು ದಿನ ಗೆಳೆಯರ ಜೊತೆ ತಿಂದರೆ ನಾನೇನೂ ಅಡ್ಡ ಬರುವುದಿಲ್ಲ. ದಿನವೂ ತಿಂದು, ಯೋಗ ಮಾಡಿದರೂ ತೂಕ ಇಳಿಯಲಿಲ್ಲವೆಂದು ಯೋಗವನ್ನು ದೂರಬೇಡಿ. ತೂಕ ಇಳಿಸಲು, ಹೃದಯ ಗಟ್ಟಿಯಾಗಲು ವಾರಕ್ಕೆ 150 ನಿಮಿಷವಾದರೂ ಬಿರುಸಿನ ನಡಿಗೆ ಬೇಕು. ಕುಂದವಾಡ ಕೆರೆಯ ಏರಿಯ ಮೇಲೋ ಹರಿಹರದ ತುಂಗಭದ್ರೆಯ ದಂಡೆಯಲ್ಲೋ ಅದಕ್ಕೆ ಜಾಗವಿದೆ.

ಮಾತ್ರೆ ಬಿಡಿಸಿದ ಪಕ್ಕದ ಹಾಸಿಗೆ

ಈಗ ಶಿಬಿರದ ವಿಷಯ. ಅರವತ್ತು ದಾಟಿದ ಒಬ್ಬರು ಹತ್ತು ದಿನದ ಶಿಬಿರ ಮುಗಿಸಿ ಬಂದ ಮರುದಿನ ತಲೆನೋವೆಂದು ನನ್ನ ಬಳಿ ಬಂದರು. ರಕ್ತದೊತ್ತಡ 190-110 ಇತ್ತು. ಮಾತ್ರೆ ನುಂಗುತ್ತಿದ್ದೀರಾ ಎಂದರೆ, ಮೂರನೆಯ ದಿನವೇ ನಿಲ್ಲಿಸಿದೆ ಎಂದರು. ಯಾರು ನಿಲ್ಲಿಸಲು ಹೇಳಿದರು? ಶಿಬಿರದ ಗುರುಗಳಲ್ಲ, ಅಲ್ಲಿನ ವೈದ್ಯರೂ ಅಲ್ಲ. ಪಕ್ಕದ ಹಾಸಿಗೆಯಲ್ಲಿದ್ದ ಸಹ ಶಿಬಿರಾರ್ಥಿ! "ಇಷ್ಟು ಪ್ರಾಣಾಯಾಮ ಮಾಡುತ್ತೀರಿ, ಇನ್ನೂ ವಿಷ ಯಾಕೆ ನುಂಗುತ್ತೀರಿ?" ಎಂದರಂತೆ. ಮೈ ಹಗುರವಾಗಿತ್ತು, ನಿದ್ದೆ ಬರುತ್ತಿತ್ತು, ಮಾತು ನಿಜವೆನಿಸಿತು. ಅದೃಷ್ಟಕ್ಕೆ ಅವರು ಲಕ್ವ ಹೊಡೆಯುವ ಮೊದಲೇ ಬಂದರು. ಎಲ್ಲರಿಗೂ ಆ ಅದೃಷ್ಟವಿರುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಶಿಬಿರದಲ್ಲಿ ರಕ್ತದೊತ್ತಡ ನಿಜವಾಗಿಯೂ ಇಳಿಯಬಹುದು. ಉಪ್ಪು ಕಡಿಮೆಯ ಊಟ, ಹೊತ್ತಿಗೆ ನಿದ್ದೆ, ಅಂಗಡಿ ಕಚೇರಿಗಳ ಚಿಂತೆಯಿಲ್ಲ, ಬೀಡಿ ಸಿಗರೇಟು ಮದ್ಯವಿಲ್ಲ. ಇವೆಲ್ಲ ಸೇರಿ ಅಂಕ ಇಳಿಸುತ್ತವೆ. ಜೊತೆಗೆ ಕೆಲವು ಮಾತ್ರೆಗಳ ಪರಿಣಾಮ ನಿಲ್ಲಿಸಿದ ಮೇಲೂ ಒಂದೆರಡು ದಿನ ಉಳಿದಿರುತ್ತದೆ. ಹಾಗಾಗಿ ನಿಲ್ಲಿಸಿದವರಿಗೆ ಮೊದಲು ಏನೂ ಆಗುವುದಿಲ್ಲ, ಧೈರ್ಯ ಬರುತ್ತದೆ. ಊರಿಗೆ ಮರಳಿ ಉಪ್ಪಿನಕಾಯಿ, ಮಂಡಕ್ಕಿ ಮಿರ್ಚಿ, ವ್ಯಾಪಾರದ ತಲೆಬಿಸಿ ಶುರುವಾದೊಡನೆ ಒತ್ತಡ ಮೊದಲಿನ ಮಟ್ಟಕ್ಕೇ ಏರುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಹೃದಯಾಘಾತಕ್ಕೂ ದಾರಿಯಾಗಬಹುದು. ಮೂರ್ಛೆರೋಗದ ಮಾತ್ರೆ, ಸ್ಟಿರಾಯ್ಡ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆಗಳ ಕಥೆಯೂ ಇದೇ. ಬಾಲ್ಯದಿಂದ ಇನ್ಸುಲಿನ್ ಅವಲಂಬಿಸಿದವರು ಅದನ್ನು ಕೆಲವೇ ದಿನ ಬಿಟ್ಟರೂ ಪ್ರಾಣಕ್ಕೆ ಕುತ್ತು.

ಹಾಗಾದರೆ ಯೋಗದಿಂದ ಮಾತ್ರೆ ಕಡಿಮೆ ಮಾಡಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ತೂಕ ಇಳಿಸಿ, ಊಟ ತಿದ್ದಿ, ದಿನವೂ ಯೋಗ ಮತ್ತು ನಡಿಗೆ ಮಾಡಿದ ಎಷ್ಟೋ ಜನರ ಮಾತ್ರೆಯನ್ನು ನಾವೇ ಸಂತೋಷದಿಂದ ಅರ್ಧಕ್ಕೆ ಇಳಿಸಿದ್ದೇವೆ. ಆದರೆ ಅದು ವಾರಗಟ್ಟಲೆ ಅಳೆದು, ಬರೆದಿಟ್ಟು, ಮೆಲ್ಲಗೆ ಮಾಡುವ ಕೆಲಸ. ವೈದ್ಯರಿರುವ ಶಿಬಿರದಲ್ಲಿ ಅವರೇ ಪರೀಕ್ಷಿಸಿ ಇಳಿಸಿದರೆ ಅದೂ ಸರಿಯೇ, ಏನು ಇಳಿಸಿದರೆಂದು ಬರೆಸಿಕೊಂಡು ಬನ್ನಿ. ಅಳತೆ ಮೊದಲು, ಇಳಿಕೆ ಆಮೇಲೆ.

ಉಪವಾಸ ಮತ್ತು ಕ್ರಿಯೆಗಳು

ಕೆಲವು ಶಿಬಿರಗಳಲ್ಲಿ ಒಂದೆರಡು ದಿನ ಹಣ್ಣಿನ ರಸ ಮಾತ್ರ ಕೊಡುವುದುಂಟು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮೊದಲೇ ಈ ಬಗ್ಗೆ ವೈದ್ಯರನ್ನು ಕೇಳಬೇಕು. ಉಪವಾಸದ ದಿನ ಕೆಲವು ಮಾತ್ರೆಗಳ ಪ್ರಮಾಣ ಬದಲಾಗಬೇಕು. ಡಾಪಾಗ್ಲಿಫ್ಲೋಜಿನ್‌ನಂಥ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಗಳನ್ನು ಉಪವಾಸದಲ್ಲಿ ಮುಂದುವರಿಸಿದರೆ ದೇಹ ಒಣಗಿ, ರಕ್ತ ಆಮ್ಲವಾಗುವ ಅಪಾಯವಿದೆ.

ಲೋಟಗಟ್ಟಲೆ ಉಪ್ಪುನೀರು ಕುಡಿಯುವ ವಮನ ಧೌತಿ, ಶಂಖಪ್ರಕ್ಷಾಲನ ಕ್ರಿಯೆಗಳು ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಸಲ್ಲವು. ಜಲನೇತಿಗೆ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು, ಅರ್ಧ ಲೀಟರಿಗೆ ಒಂದು ಮಟ್ಟಸ ಚಹಾ ಚಮಚ ಉಪ್ಪು. ನಲ್ಲಿಯ, ಕೆರೆಯ, ಹೊಳೆಯ ನೀರು ಬೇಡ. ಅಂಥ ನೀರಿನಲ್ಲಿರಬಹುದಾದ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳು ಸೇರಿ ಪ್ರಾಣ ತೆಗೆಯುತ್ತದೆ. ಕಾಯಿಲೆ ಬಲು ಅಪರೂಪದ್ದಾದರೂ 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಅಮೀಬಾದ ಮಿದುಳು ಸೋಂಕಿನಿಂದ ಸಾವುಗಳಾದವು. ನೀರು ಕುದಿಸುವುದು ಕಷ್ಟದ ಕೆಲಸವೇನಲ್ಲ.

ಚೀಲದಲ್ಲಿ ಏನೇನಿರಬೇಕು

ಮೊದಲನೆಯದಾಗಿ ಔಷಧಿ. ಶಿಬಿರ ಹತ್ತು ದಿನದ್ದಾದರೆ ಹದಿಮೂರು ದಿನಕ್ಕೆ ಆಗುವಷ್ಟು ಮಾತ್ರೆ ಇಟ್ಟುಕೊಳ್ಳಿ. ಬಸ್ಸು ತಪ್ಪಬಹುದು, ಮಳೆಗಾಲದಲ್ಲಿ ಘಟ್ಟದ ರಸ್ತೆ ಮುಚ್ಚಬಹುದು. ಮಾತ್ರೆಗಳನ್ನು ಬಿಡಿಸಿ ಕಾಗದದಲ್ಲಿ ಸುತ್ತದೆ ಹಾಳೆಯಲ್ಲೇ ಇರಿಸಿ, ಹೆಸರು ಓದಲು ಬರುವಂತಿರಲಿ. ಔಷಧಿಯ ಚೀಲ ಸದಾ ನಿಮ್ಮ ಕೈಯಲ್ಲಿರಲಿ, ಬಸ್ಸಿನ ಡಿಕ್ಕಿಗೆ ಹಾಕಬೇಡಿ.

ಎರಡನೆಯದು ಒಂದು ಚೀಟಿ. ನಿಮ್ಮ ಕಾಯಿಲೆ, ಮಾತ್ರೆಗಳ ಹೆಸರು, ಪ್ರಮಾಣ, ಒಗ್ಗದ ಔಷಧಿ, ನಿಮ್ಮ ವೈದ್ಯರ ಮತ್ತು ಮನೆಯವರ ದೂರವಾಣಿ ಸಂಖ್ಯೆ ಅದರಲ್ಲಿ ಬರೆದಿರಲಿ. ಮೊಬೈಲಿನಲ್ಲಿದೆ ಎಂದು ಸುಮ್ಮನಾಗಬೇಡಿ. ಅನೇಕ ಶಿಬಿರಗಳಲ್ಲಿ ಮೊಬೈಲನ್ನು ತೆಗೆದಿಡುತ್ತಾರೆ, ಎಚ್ಚರ ತಪ್ಪಿದವರ ಮೊಬೈಲು ತೆರೆಯುವುದೂ ಇಲ್ಲ.

ಇನ್ಸುಲಿನ್ ಬಳಸುವವರು ಹೊಸ ಸೀಸೆಗಳನ್ನು 2ರಿಂದ 8 ಡಿಗ್ರಿಯಲ್ಲಿ ಕಾಪಾಡಬೇಕು. ಶಿಬಿರದಲ್ಲಿ ಫ್ರಿಜ್ ಇದೆಯೇ ಎಂದು ಮೊದಲೇ ಕೇಳಿ. ಬಳಕೆಯಲ್ಲಿರುವ ಸೀಸೆ ಅಥವಾ ಪೆನ್ನು ಸಾಮಾನ್ಯವಾಗಿ ನಾಲ್ಕು ವಾರ ಹೊರಗಿರಬಹುದು, ಆದರೆ ಉಷ್ಣತೆ 30 ಡಿಗ್ರಿ ದಾಟಬಾರದು. ನಮ್ಮ ಕಡೆಯ ಏಪ್ರಿಲ್ ಮೇ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಅದು ಕೆಡುತ್ತದೆ. ಮಂಜುಗಡ್ಡೆಗೆ ನೇರವಾಗಿ ತಾಗಿಸಿದರೂ ಕೆಡುತ್ತದೆ. ಫ್ರಿಜ್ ಇಲ್ಲದ ಕಡೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ನೀರು ತುಂಬಿದ ಮಣ್ಣಿನ ಮಡಕೆಯಲ್ಲಿಡುವ ಹಳೆಯ ಉಪಾಯ ಒಳ್ಳೆಯದೇ. ಸಕ್ಕರೆ ಅಳೆಯುವ ಯಂತ್ರ, ಗ್ಲೂಕೋಸ್ ಪೊಟ್ಟಣ ಜೊತೆಗಿರಲಿ. ಉಬ್ಬಸದವರು ಇನ್‌ಹೇಲರ್ ಅನ್ನು ಕೋಣೆಯಲ್ಲಿ ಬಿಡದೆ ಚಾಪೆಯ ಪಕ್ಕದಲ್ಲೇ ಇಟ್ಟುಕೊಳ್ಳಲಿ.

ಬಟ್ಟೆ ಹತ್ತಿಯದು, ಸಡಿಲವಾದದ್ದು ಮೂರು ಜೊತೆ ಸಾಕು. ದುಬಾರಿ ಯೋಗದ ಉಡುಪು ಬೇಕಿಲ್ಲ, ಹೆಂಗಸರಿಗೆ ಸಡಿಲ ಚೂಡಿದಾರ ಅನುಕೂಲ. ಮಲೆನಾಡಿನ ಕಡೆಗಾದರೆ ಒಂದು ಶಾಲು, ಕೊಡೆ. ಜಮಖಾನೆ ಮಣ್ಣಿನ ನೆಲಕ್ಕೆ ಸರಿ, ನುಣುಪಾದ ಟೈಲ್ಸ್ ಮೇಲೆ ಜಾರುತ್ತದೆ, ಅಲ್ಲಿಗೆ ರಬ್ಬರಿನ ಚಾಪೆಯೇ ಬೇಕು. ನೀರಿನ ಬಾಟಲಿ, ಎರಡು ಟವೆಲು, ಕನ್ನಡಕದ ಡಬ್ಬಿ, ಟಾರ್ಚು, ಸೊಳ್ಳೆಗೆ ಹಚ್ಚುವ ಮುಲಾಮು, ಓ.ಆರ್.ಎಸ್. ಪೊಟ್ಟಣ, ಸುಲಭವಾಗಿ ಕಳಚುವ ಚಪ್ಪಲಿ ಇರಲಿ. ಮನೆಯಲ್ಲಿ ಬಿಡಬೇಕಾದುವು ಚಿನ್ನದ ಒಡವೆ, ಬಿಗಿಯಾದ ಜೀನ್ಸು ಮತ್ತು ಪಕ್ಕದವರನ್ನು ಮೀರಿಸುವ ಹಟ.

ಸಂಘಟಕರಿಗೆ ಒಂದು ಮನವಿ

ಸಮಾರಂಭ ನಡೆಸುವ ಸಂಘ ಸಂಸ್ಥೆಗಳಲ್ಲಿ ನನ್ನದೊಂದು ಮನವಿ. ಕುರ್ಚಿಗಳ ಒಂದು ಸಾಲನ್ನು ಮೈದಾನದ ಹಿಂದೆ ಮೂಲೆಯಲ್ಲಲ್ಲ, ವೇದಿಕೆಯ ಎದುರಿಗೇ ಹಾಕಿ. ಕುಳಿತು ಮಾಡುವ ಆಸನಗಳನ್ನು ತೋರಿಸಲು ಒಬ್ಬ ಶಿಕ್ಷಕರನ್ನು ಆ ಸಾಲಿಗೇ ನಿಲ್ಲಿಸಿ. ಮುಂದಿನ ಸಾಲಿನಲ್ಲಿ ಹಿರಿಯರು ಕುರ್ಚಿಯ ಮೇಲೆ ಯೋಗ ಮಾಡುವುದನ್ನು ಕಂಡರೆ ಹಿಂದಿನವರ ಸಂಕೋಚ ತಾನಾಗಿ ಹೋಗುತ್ತದೆ. ಸ್ವಾಗತ ಭಾಷಣವನ್ನು ಐದು ನಿಮಿಷ ಕಡಿಮೆ ಮಾಡಿ, ಯಾರು ಯಾವ ಆಸನ ಬಿಡಬೇಕೆಂದು ಮೈಕಿನಲ್ಲಿ ಹೇಳಿ. ರಕ್ತದೊತ್ತಡ ನೋಡುವ ಉಪಕರಣ, ಗ್ಲೂಕೋಸ್, ಕುಡಿಯುವ ನೀರು, ಒಬ್ಬ ದಾದಿ, ಇಷ್ಟಿದ್ದರೆ ಸಾಕು. ಇವು ಹೂಮಾಲೆ ಶಾಲುಗಳಿಗಿಂತ ಅಗ್ಗ.

ಶಿಬಿರ ಆರಿಸುವವರು ಮೂರು ಪ್ರಶ್ನೆ ಕೇಳಿ. ಸೇರಿಸಿಕೊಳ್ಳುವ ಮೊದಲು ಕಾಯಿಲೆಯ ವಿವರ ಕೇಳುತ್ತಾರೆಯೇ? ವೈದ್ಯರು ಅಲ್ಲೇ ಇದ್ದಾರೆಯೇ, ಅಥವಾ ಹತ್ತಿರದ ಆಸ್ಪತ್ರೆ ಎಷ್ಟು ದೂರ? ಒಬ್ಬ ಶಿಕ್ಷಕರಿಗೆ ಎಷ್ಟು ಜನ? ಎಲ್ಲ ಕಾಯಿಲೆಯನ್ನೂ ಇಷ್ಟೇ ದಿನದಲ್ಲಿ ವಾಸಿ ಮಾಡುತ್ತೇವೆ, ಎಲ್ಲ ಮಾತ್ರೆ ಬಿಡಿಸುತ್ತೇವೆ ಎನ್ನುವ ಕಡೆಗೆ ಹೋಗಬೇಡಿ.

ಶಿಬಿರದಿಂದ ಮರಳಿದ ವಾರದೊಳಗೆ ಒಮ್ಮೆ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿ. ಚಾಪೆಯನ್ನು ಅಟ್ಟಕ್ಕೆ ಏರಿಸದೆ ಕಣ್ಣಿಗೆ ಬೀಳುವ ಕಡೆ ಇಡಿ. ನಿಮ್ಮ ಬೀದಿಯಲ್ಲಿ ನಾಲ್ಕೈದು ಮನೆಯವರು ಸೇರಿ ಒಂದು ತಾರಸಿಯಲ್ಲೋ ಪಾರ್ಕಿನಲ್ಲೋ ದಿನಕ್ಕೆ ಅರ್ಧ ಗಂಟೆ ಕೂಡಿದರೆ ಅದೂ ಒಂದು ಶಿಬಿರವೇ. ಬಾರದವರ ಮನೆಯ ಮುಂದೆ ನಿಂತು ಒಂದು ಕೂಗು ಹಾಕಿ. ಬೆಳಗಿನ ಮಾತ್ರೆ ನುಂಗಿದಿರಾ ಎಂದು ಅದೇ ಉಸಿರಿನಲ್ಲಿ ಕೇಳಿಬಿಡಿ.